ಸೆಕೆಂಡ್ ಹ್ಯಾಂಡ್ ನಿಕಾನ್ ಡಿ3500: ಐ-ಗ್ಲಾಸ್ ಹಾಕಿಕೊಂಡು ಕೊಂಡ ಕ್ಯಾಮೆರಾ

ಮೊಮ್ಮಗಳ ಭರತನಾಟ್ಯ ಇತ್ತು, ಮಲ್ಲೇಶ್ವರದ ಸೇವಾಸದನದಲ್ಲಿ. ನಾನು ಕೂತಿದ್ದು ಹತ್ತನೇ ಸಾಲು. ಕೈಯಲ್ಲಿ ಮಗ ಕೊಡಿಸಿದ ಫೋನು. ಅಲರಿಪು ಮುಗಿಯುವಷ್ಟರಲ್ಲಿ ಎಪ್ಪತ್ತು ಫೋಟೋ ಹೊಡೆದಿದ್ದೆ. ಮನೆಗೆ ಬಂದು ಕನ್ನಡಕ ಏರಿಸಿಕೊಂಡು ನೋಡಿದರೆ ಒಂದರಲ್ಲೂ ಮುಖ ನೆಟ್ಟಗಿಲ್ಲ. ಝೂಮ್ ಮಾಡಿದ್ದೆಲ್ಲ ಮಳೆಗೆ ನೆನೆದ ರಂಗೋಲಿ ಥರ ಕಲಸಿಹೋಗಿತ್ತು. ಝೂಮ್ ಮಾಡದೆ ತೆಗೆದಿದ್ದರಲ್ಲಿ ಮುಂದೆ ಕೂತವರ ಮಲ್ಲಿಗೆ ದಂಡೆ, ಅದರಾಚೆ ಕಡಲೆಕಾಳಿನಷ್ಟು ಮಕ್ಕಳು. "ಅಜ್ಜಿ, ಇದು ನಾನಾ, ನನ್ನ ಫ್ರೆಂಡಾ?" ಅಂತ ಅವಳೇ ಕೇಳಿದಳು. ಅವತ್ತೇ ಕ್ಯಾಮೆರಾ ಕೊಳ್ಳುವುದು ಅಂತ ತೀರ್ಮಾನ ಮಾಡಿದೆ.

ಬಜೆಟ್ 30,000 ರೂಪಾಯಿ. ಎಫ್‌ಡಿ ಬಡ್ಡಿಯಲ್ಲಿ ಉಳಿಸಿದ್ದು. ಅದರಲ್ಲಿ ಎರಡು ಕೆಲಸ ಆಗಬೇಕಿತ್ತು. ಒಂದು, ಈ ಡ್ಯಾನ್ಸು. ಇನ್ನೊಂದು, ನಮ್ಮ ತಾರಸಿಯ ದಾಸವಾಳಕ್ಕೆ ಬೆಳಗ್ಗೆ ಬರುವ ಸೂರಕ್ಕಿ. ಹೆಬ್ಬೆರಳಿನಷ್ಟು ಹಕ್ಕಿ, ಒಂದು ಕಡೆ ಕೂರುವುದೇ ಇಲ್ಲ.

ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನಾನು ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಅಸೆಂಬ್ಲಿಯಲ್ಲಿದ್ದವಳು. ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ 1961ರಲ್ಲಿ ಶುರುವಾದ ಫ್ಯಾಕ್ಟರಿ ಅದು. ನಮ್ಮ ಸಾಲಿನಲ್ಲಿ ಹೆಂಗಸರೇ ಜಾಸ್ತಿ. ಕಣ್ಣಿಗೆ ಐ-ಗ್ಲಾಸ್, ಅಂದರೆ ವಾಚ್ ಕೆಲಸದ ಪುಟ್ಟ ಭೂತಗನ್ನಡಿ, ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಚಿಮಟದಲ್ಲಿ ಹೇರ್‌ಸ್ಪ್ರಿಂಗ್ ಕೂರಿಸುತ್ತಿದ್ದೆವು. ವಿಆರ್‌ಎಸ್ ತಗೊಂಡು ಎಷ್ಟೋ ವರ್ಷ ಆಯಿತು. ಐ-ಗ್ಲಾಸ್ ಮಾತ್ರ ಈಗಲೂ ಹೊಲಿಗೆ ಡಬ್ಬಿಯಲ್ಲಿದೆ.

"ಅಮ್ಮಾ, ಫೋನ್ ಸಾಕಲ್ವಾ?" ಅಂತ ಮಗ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ರಂಗೋಲಿ, ಹಬ್ಬದ ಊಟ, ಲಾಲ್‌ಬಾಗ್ ಗಾಜಿನ ಮನೆಯ ಮುಂದೆ ನಿಂತ ಸಂಸಾರ, ಇದಕ್ಕೆಲ್ಲ ಫೋನೇ ಚೆನ್ನ. ನನ್ನ ಕ್ಯಾಮೆರಾಗಿಂತ ಚೆನ್ನಾಗಿ ಬರುತ್ತದೆ ಅಂತಲೇ ಹೇಳುತ್ತೇನೆ. ಫೋನು ಏಳೆಂಟು ಫೋಟೋ ಒಟ್ಟಿಗೆ ತೆಗೆದು, ಒಳಗೊಳಗೇ ಬೆರೆಸಿ, ನೆರಳು ಬೆಳಕು ಸರಿಮಾಡಿ ಕೊಡುತ್ತದೆ. ಆದರೆ ಎದುರಿಗಿರುವುದು ದೂರದಲ್ಲಿದ್ದು, ಕತ್ತಲಲ್ಲಿದ್ದು, ಅದರ ಮೇಲೆ ಕುಣಿಯುತ್ತಲೂ ಇದ್ದರೆ ಬೆರೆಸುವುದಕ್ಕೆ ಏನೂ ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ ಹಾಗೆ ಕುಣಿಯುವವರೂ ಹಾರುವವರೂ ಇಲ್ಲದಿದ್ದರೆ ದಯವಿಟ್ಟು ದುಡ್ಡು ಉಳಿಸಿ.

ಮೊದಲು ಆನ್‌ಲೈನಲ್ಲಿ ನೋಡಿದೆ. ಕಣ್ಣಿಗೆ ಬಿದ್ದಿದ್ದು ಆರೇಳು ಸಾವಿರದ ಹೆಸರಿಲ್ಲದ ಕ್ಯಾಮೆರಾಗಳು. 48 ಮೆಗಾಪಿಕ್ಸೆಲ್, 4ಕೆ, 16 ಪಟ್ಟು ಡಿಜಿಟಲ್ ಝೂಮ್. ನಾದಿನಿಯ ಮಗ ಅಂಥದ್ದೊಂದು ತರಿಸಿದ್ದ, ತಂದುಕೊಟ್ಟು ನೋಡು ಅತ್ತೆ ಅಂದ. ಎತ್ತಿಕೊಂಡಾಗಲೇ ಗೊತ್ತಾಯಿತು. ಒಳಗೆ ತೂಕವೇ ಇಲ್ಲ. ದೊಡ್ಡ ಲೆನ್ಸ್ ಥರ ಕಾಣುವುದು ಬರೀ ಪ್ಲಾಸ್ಟಿಕ್ ಬಳೆ, ನಡುವಿನ ನಿಜವಾದ ಗಾಜು ಸಾಸಿವೆಗಿಂತ ಸ್ವಲ್ಪ ದೊಡ್ಡದು. ಇಂಥವುಗಳಲ್ಲಿ ಸಣ್ಣ ಚಿತ್ರವನ್ನೇ ಸಾಫ್ಟ್‌ವೇರ್ ಎಳೆದು ದೊಡ್ಡದು ಮಾಡಿ 48 ಅಂತ ಲೆಕ್ಕ ತೋರಿಸುತ್ತಾರೆ. ದೋಸೆ ಹಿಟ್ಟಿಗೆ ನೀರು ಬೆರೆಸಿದರೆ ದೋಸೆ ಜಾಸ್ತಿ ಬರುತ್ತದೆ, ಹಾಗೆ. ಡಿಜಿಟಲ್ ಝೂಮ್ ಅನ್ನುವುದೂ ಅದೇ ಕಥೆ. ಲೆನ್ಸಿನ ಗಾಜು ಹಿಂದೆ ಮುಂದೆ ಸರಿದು ಹತ್ತಿರ ತಂದರೆ ಅದು ಝೂಮ್. ಉಳಿದದ್ದು ಕತ್ತರಿ ಕೆಲಸ.

ಪಕ್ಕದ ಮನೆಯವರ ಹತ್ತಿರ 40 ಪಟ್ಟು ಝೂಮಿನ, ಲೆನ್ಸ್ ಕಳಚಲಾಗದ ಕ್ಯಾಮೆರಾ ಒಂದಿತ್ತು. ಎರಡು ದಿನಕ್ಕೆ ಎರವಲು ತಂದೆ. ಬಿಸಿಲಿನಲ್ಲಿ ಅದಕ್ಕೆ ಸಾಟಿಯಿಲ್ಲ. ನಾಲ್ಕು ಮನೆ ಆಚೆ ನೀರಿನ ಟ್ಯಾಂಕ್ ಮೇಲೆ ಕೂತ ಹದ್ದಿನ ಕೊಕ್ಕಿನ ಬಾಗು ಕಂಡಿತು. ಖುಷಿಯಲ್ಲಿ ಕೂಗಿಕೊಂಡೆ. ಸಂಜೆ ದೇವರ ಮನೆ ದೀಪದಲ್ಲಿ ಮೊಮ್ಮಗಳನ್ನು ಕುಣಿಸಿ ತೆಗೆದೆ. ಮತ್ತೆ ಅದೇ ನೆನೆದ ರಂಗೋಲಿ.

ಇದಕ್ಕೆ ಕಾರಣ ಸೆನ್ಸರ್, ಅಂದರೆ ಬೆಳಕು ಬೀಳುವ ಚಿಪ್. ಅಂಥ ಝೂಮ್ ಕ್ಯಾಮೆರಾಗಳಲ್ಲಿ ಹೆಚ್ಚಿನವುಗಳ ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ವಾಚಿನೊಳಗೆ ಅತ್ತಿತ್ತ ಆಡುವ ಬ್ಯಾಲೆನ್ಸ್ ವೀಲ್‌ಗಿಂತ ಚಿಕ್ಕದು ಅಂದುಕೊಳ್ಳಿ. ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್‌ನಲ್ಲೂ (ಒಳಗೆ ಕನ್ನಡಿಯಿರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಅದು 23 ಮಿ.ಮೀ.ಗೆ 15 ಮಿ.ಮೀ. ಇರುತ್ತದೆ. ಗುಣಿಸಿ ನೋಡಿದರೆ ಹತ್ತು ಹನ್ನೆರಡು ಪಟ್ಟು ಜಾಸ್ತಿ ಜಾಗ. ಹಪ್ಪಳ ಒಣಹಾಕುವುದಕ್ಕೆ ಕರವಸ್ತ್ರ ಹಾಸಿದ ಹಾಗೆ ಅದು, ಪಂಚೆ ಹಾಸಿದ ಹಾಗೆ ಇದು. ಇದು ತಿಳಿದ ಮೇಲೆ ಮೆಗಾಪಿಕ್ಸೆಲ್ ಕಡೆ ನೋಡುವುದನ್ನೇ ಬಿಟ್ಟೆ.

ಆ ಕನ್ನಡಿ ಇಲ್ಲದ ಹೊಸ ಥರದ ಮಿರರ್‌ಲೆಸ್ ಕ್ಯಾಮೆರಾ ನನ್ನ ಬಜೆಟ್‌ಗೆ ಎಟುಕಲಿಲ್ಲ. ಉಳಿದಿದ್ದು ಎರಡು. ಕ್ಯಾನನ್ 1500ಡಿ, ನಿಕಾನ್ ಡಿ3500. ಎರಡೂ 2018ರಲ್ಲಿ ಬಂದವು, ಎರಡರಲ್ಲೂ 24 ಮೆಗಾಪಿಕ್ಸೆಲ್. ಕ್ಯಾನನ್ ನಾನು ಕೇಳಿದಾಗ ಹೊಸದೇ ಸಿಗುತ್ತಿತ್ತು, ಬಿಲ್ಲು ವಾರಂಟಿ ಸಮೇತ. ನಿಕಾನ್ ಈಗ ತಯಾರಾಗುವುದಿಲ್ಲ, ಹಳೆಯದೇ ಗತಿ. ಆದರೂ ಮನಸ್ಸು ನಿಕಾನ್ ಕಡೆ ವಾಲಿತು. ಸೆಕೆಂಡಿಗೆ ಕ್ಯಾನನ್ 3 ಫೋಟೋ ತೆಗೆದರೆ ಇದು 5. ಒಂದು ಸಲ ಚಾರ್ಜ್ ಮಾಡಿದರೆ ಕಂಪನಿ ಲೆಕ್ಕದಲ್ಲಿ ಅದು 500 ಫೋಟೋ, ಇದು 1,550. ಬ್ಯಾಟರಿ, ಕಾರ್ಡ್ ಎಲ್ಲ ಸೇರಿ 415 ಗ್ರಾಂ. ನನ್ನ ಮಣಿಕಟ್ಟಿಗೆ ಅದು ದೊಡ್ಡ ವಿಷಯ. ತಯಾರಿ ನಿಲ್ಲಿಸಿದ್ದು ಅಂತ ಎಲ್ಲರೂ ಹೆದರಿಸಿದರು. ನಮ್ಮ ಫ್ಯಾಕ್ಟರಿಯೂ ಬಾಗಿಲು ಹಾಕಿತು. ನನ್ನ ಕೈಯಲ್ಲಿರುವ ವಾಚ್ ಇವತ್ತು ಬೆಳಗ್ಗೆಯೂ ಕೀಲಿ ಕೊಟ್ಟಿದ್ದಕ್ಕೆ ಓಡಿತು.

ಈಗ ಅಂಗಡಿ ವಿಷಯ. ಜಾಲಹಳ್ಳಿಯಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದೆ. ಜೊತೆಗೆ ನಾದಿನಿಯ ಮಗ. ಮೊದಲು ಹೋದ ಅಂಗಡಿಯ ಹೆಸರು ಹೇಳುವುದಿಲ್ಲ. ಮಹಡಿ ಮೇಲೆ, ಮೆಟ್ಟಿಲು ಕಿರಿದು. ಹುಡುಗ ಒಂದು ಕ್ಯಾಮೆರಾ ಒರೆಸಿ ಮುಂದಿಟ್ಟ.

"ಆಂಟಿ, ಟಾಪ್ ಕಂಡೀಷನ್. ಮನೇಲಿ ಸುಮ್ನೆ ಇಟ್ಟಿದ್ದ ಪೀಸು."

"ಸುಮ್ನೆ ಇಟ್ಟಿದ್ದೇ ತೊಂದರೆ ಕಣಪ್ಪ. ಟಾರ್ಚ್ ಇದೆಯಾ?"

ಲೆನ್ಸ್ ಕಳಚಿಸಿ, ಒಂದು ಕಡೆಯಿಂದ ಫೋನಿನ ಟಾರ್ಚ್ ಹಿಡಿಸಿ, ಇನ್ನೊಂದು ಕಡೆಯಿಂದ ಐ-ಗ್ಲಾಸ್ ಹಾಕಿಕೊಂಡು ನೋಡಿದೆ. ಹುಡುಗ ಬಾಯಿ ಬಿಟ್ಟುಕೊಂಡು ನಿಂತಿದ್ದ. ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯ ಥರ ಬೆಳ್ಳಗೆ ಎಳೆ ಎಳೆ. ಫಂಗಸ್. ನಮ್ಮ ಬೆಂಗಳೂರಿನ ಮಳೆಗಾಲದಲ್ಲಿ ಬ್ಯಾಗಿನೊಳಗೆ ಮುಚ್ಚಿಟ್ಟ ಲೆನ್ಸಿಗೆ ಇದು ಬರುವುದೇ. ತೇವ, ಕತ್ತಲೆ, ಗಾಳಿಯಿಲ್ಲದ ಜಾಗ ಮೂರೂ ಅದಕ್ಕೆ ಇಷ್ಟ. ಧೂಳಿನ ಚುಕ್ಕೆ ಎರಡಿದ್ದರೆ ಫೋಟೋದಲ್ಲಿ ಕಾಣಿಸುವುದೂ ಇಲ್ಲ, ಬಿಟ್ಟುಬಿಡಬಹುದು. ಕವಲೊಡೆದ ಎಳೆ ಕಂಡರೆ ಮಾತ್ರ ಎದ್ದು ಬನ್ನಿ. "ಕ್ಲೀನ್ ಮಾಡಿಸಿಕೊಡ್ತೀನಿ ಆಂಟಿ" ಅಂದ. ಗಾಜಿನ ಮೇಲಿನ ಲೇಪನವನ್ನೇ ಅದು ತಿಂದಿದ್ದರೆ ಒರೆಸಿದರೆ ಹೋಗುವುದಿಲ್ಲ. ಕಾಫಿ ಕುಡಿದು ಮುಂದಿನ ಅಂಗಡಿಗೆ ಹೋದೆವು.

ಎರಡನೇ ಕಡೆ ಸಿಕ್ಕಿತು. ಡಿ3500, ಜೊತೆಗೆ 18-55 ಲೆನ್ಸ್ (ಈ ಅಂಕಿ ಮಿ.ಮೀ.ನಲ್ಲಿ, ಜಾಸ್ತಿಯಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ), ಪೆಟ್ಟಿಗೆ, ಹಳೇ ಬಿಲ್ಲು. ಇಲ್ಲಿ ನಾದಿನಿಯ ಮಗನ ಬುದ್ಧಿ ಕೆಲಸಕ್ಕೆ ಬಂತು. ನಿಕಾನ್ ಡಿಎಸ್‌ಎಲ್‌ಆರ್ ತೆಗೆದ ಫೋಟೋ ಫೈಲಿನೊಳಗೇ ಶಟರ್, ಅಂದರೆ ಕ್ಲಿಕ್ ಮಾಡಿದಾಗ ತೆರೆದು ಮುಚ್ಚುವ ಪರದೆ, ಎಷ್ಟು ಸಲ ಬಡಿದಿದೆ ಅನ್ನುವ ಲೆಕ್ಕ ಇರುತ್ತದೆ. ಅಲ್ಲೇ ಒಂದು ಫೋಟೋ ತೆಗೆದು, ತಿದ್ದದೆ ಫೋನಿಗೆ ಹಾಕಿಕೊಂಡು ನೋಡಿದ: 11,860. ಕ್ಯಾನನ್‌ನ ಇಂಥ ಮಾಡೆಲ್‌ಗಳಲ್ಲಿ ಇದು ಇಷ್ಟು ಸುಲಭವಲ್ಲ. ಈ ದರ್ಜೆಯ ಶಟರ್‌ಗೆ ಸಾಮಾನ್ಯವಾಗಿ ಹೇಳುವ ಆಯಸ್ಸು ಒಂದು ಲಕ್ಷ ಬಡಿತ. ನನಗೆ ನಗು ಬಂತು. ನಾವು ಜೋಡಿಸುತ್ತಿದ್ದ ಜನತಾ ವಾಚು ಗಂಟೆಗೆ 18,000 ಸಲ ಬಡಿಯುತ್ತಿತ್ತು. ಬೆಳಗ್ಗೆ ಕಟ್ಟಿಕೊಂಡರೆ ಮಧ್ಯಾಹ್ನದ ಊಟದ ಹೊತ್ತಿಗೆ ಲಕ್ಷ ಮುಗಿಯುತ್ತದೆ! ಆದರೆ ಮನೆ ಬಳಕೆಗೆ ಲಕ್ಷ ಧಾರಾಳ. ಮದುವೆ ಫೋಟೋಗ್ರಾಫರ್ ಕೈಯಿಂದ ಬಂದದ್ದಾದರೆ ಯೋಚಿಸಿ. ಒಂದು ಮದುವೆಗೆ ಮೂರು ಸಾವಿರ ಕ್ಲಿಕ್ ಆರಾಮಾಗಿ ಆಗುತ್ತದೆ. ಮಗುವಿಗೆ ಅಂತ ಕೊಂಡು, ಮಗು ದೊಡ್ಡದಾದ ಮೇಲೆ ಬೀರು ಸೇರಿದ ಕ್ಯಾಮೆರಾ ಸಿಕ್ಕರೆ ಅದೃಷ್ಟ. ಅದಕ್ಕೆ ಫಂಗಸ್ ಹಿಡಿಯದಿದ್ದರೆ.

ಇನ್ನೊಂದು ಪರೀಕ್ಷೆ ಮಾಡಿದೆವು. ಎಫ್ ನಂಬರ್ (ಲೆನ್ಸಿನ ಕಿಂಡಿಯ ಅಳತೆ, ನಂಬರ್ ಏರಿದಷ್ಟೂ ಕಿಂಡಿ ಚಿಕ್ಕದು) 16ಕ್ಕೆ ಏರಿಸಿ ಬಿಳಿ ಗೋಡೆಯ ಫೋಟೋ ತೆಗೆದು ದೊಡ್ಡದು ಮಾಡಿ ನೋಡುವುದು. ಸೆನ್ಸರ್ ಮೇಲೆ ಕೊಳೆ ಇದ್ದರೆ ಬೂದು ಚುಕ್ಕೆಯಾಗಿ ಕಾಣುತ್ತದೆ. ಎರಡು ಚುಕ್ಕೆ ಇತ್ತು. ಡಿ3500ರಲ್ಲಿ ಸೆನ್ಸರ್ ತಾನೇ ನಡುಗಿ ಧೂಳು ಕೊಡವಿಕೊಳ್ಳುವ ಏರ್ಪಾಡು ಇಲ್ಲ, ಗಾಳಿ ಊದುವ ರಬ್ಬರ್ ಬುಗುಟು ಬೇಕು. ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತದೆ. ಇದನ್ನು ಫ್ಯಾಕ್ಟರಿಗೆ ಸೇರಿದ ಮೊದಲ ವಾರವೇ ಬೈಸಿಕೊಂಡು ಕಲಿತಿದ್ದೆ. ಚುಕ್ಕೆ ತೋರಿಸಿ ಚೌಕಾಸಿ ಮಾಡಿದೆ. 24,500 ಹೇಳಿದ್ದರು, 22,000ಕ್ಕೆ ಕೊಟ್ಟರು. ಬುಗುಟು ಪುಕ್ಕಟೆ.

ಹಕ್ಕಿಗೆ ಉದ್ದ ಲೆನ್ಸ್ ಬೇಕಿತ್ತು, 70-300. ಇಲ್ಲಿ ಸ್ವಲ್ಪ ಎಚ್ಚರ. ನಿಕಾನ್‌ನ ಎಎಫ್-ಪಿ ಡಿಎಕ್ಸ್ 70-300 ಎರಡು ಥರ ಇದೆ, ಅಕ್ಕತಂಗಿಯರ ಹಾಗೆ ಒಂದೇ ಮುಖ. ಒಂದರ ಮೇಲೆ 'ವಿಆರ್' ಅಂತ ಬರೆದಿರುತ್ತದೆ, ಇನ್ನೊಂದರ ಮೇಲೆ ಇಲ್ಲ. ವಿಆರ್ ಇದ್ದರೆ ಕೈ ನಡುಕವನ್ನು ಲೆನ್ಸೇ ತಡೆಯುತ್ತದೆ. ಅರವತ್ತು ದಾಟಿದ ಕೈಗೆ ಆ ಎರಡು ಅಕ್ಷರವೇ ಮುಖ್ಯ. ಆ ಅಂಗಡಿಯಲ್ಲಿ ಇದ್ದದ್ದು ವಿಆರ್ ಇಲ್ಲದ್ದು, ಬೆಲೆ ಮಾತ್ರ ವಿಆರ್‌ದು. ಬೇಡ ಅಂದೆ. ಎರಡು ವಾರ ಕಾದು, ಮತ್ತೀಕೆರೆಯಲ್ಲಿ ಕ್ಯಾಮೆರಾ ಮಾರುತ್ತಿದ್ದ ಒಬ್ಬ ಕಾಲೇಜು ಹುಡುಗನ ಹತ್ತಿರ 9,000ಕ್ಕೆ ಸರಿಯಾದ್ದು ತಗೊಂಡೆ. ಬಜೆಟ್ ಅಲ್ಲಿಗೆ ಸಾವಿರ ದಾಟಿತು. ಯಾರಿಗೂ ಹೇಳಲಿಲ್ಲ.

ಹೊಂದಾಣಿಕೆಯ ಜಂಜಾಟವೂ ಇದೆ. ಡಿ3500ರ ಬಾಡಿಯಲ್ಲಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದಲ್ಲಿ, ಫೋಕಸ್ ಮೋಟರ್ ಇಲ್ಲ, ಲೆನ್ಸಿನಲ್ಲೇ ಇರಬೇಕು. ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಬರೆದಿರುವುದನ್ನೇ ಕೊಳ್ಳಿ. 50 ಎಂಎಂ 1.8ಡಿ ಅಗ್ಗವಾಗಿ ಸಿಗುತ್ತದೆ ಅಂತ ತಂದರೆ ಕೈಯಲ್ಲಿ ತಿರುಗಿಸುತ್ತಾ ಕೂರಬೇಕು. ಇದರ ಉಲ್ಟಾ ಕೂಡ ಉಂಟು. ದುಡ್ಡು ಉಳಿಸಲು ಡಿ3100, ಡಿ5100 ಥರದ ಹಳೇ ಬಾಡಿ ತಗೊಂಡರೆ ಎಎಫ್-ಪಿ ಲೆನ್ಸುಗಳು ಅದರಲ್ಲಿ ಕೆಲಸ ಮಾಡುವುದಿಲ್ಲ.

ಎಂಟು ತಿಂಗಳು ಬಳಸಿದ ಮೇಲೆ ಹೇಳುತ್ತಿದ್ದೇನೆ. ಮೊದಲ ದಿನ ಫೋಟೋನೇ ಬರಲಿಲ್ಲ! ಕೆಟ್ಟುಹೋಗಿದೆ ಅಂತ ಎದೆ ಧಸಕ್ಕೆಂದಿತು. 18-55 ಲೆನ್ಸು ಮಡಚಿಕೊಳ್ಳುವಂಥದ್ದು, ಪಕ್ಕದ ಗುಂಡಿ ಒತ್ತಿ ತಿರುಗಿಸಿ ಬಿಚ್ಚದಿದ್ದರೆ ಕ್ಯಾಮೆರಾ ಕೆಲಸ ಮಾಡುವುದಿಲ್ಲ. ಗೊತ್ತಾದ ಮೇಲೆ ಛತ್ರಿ ಬಿಚ್ಚಿದಷ್ಟೇ ಸಲೀಸು. ಡಯಲ್ ಮೇಲೆ 'ಗೈಡ್' ಅಂತ ಒಂದಿದೆ. ಓಡುವವರನ್ನು ತೆಗೆಯಬೇಕಾ, ಹತ್ತಿರದ ಹೂ ತೆಗೆಯಬೇಕಾ ಅಂತ ಕೇಳಿ ಅದೇ ದಾರಿ ತೋರಿಸುತ್ತದೆ. ಎರಡು ವಾರ ಅದರ ಕೈ ಹಿಡಿದು ನಡೆದೆ. ನನಗೆ ತುಂಬಾ ಹಿಡಿಸಿದ್ದು ವ್ಯೂಫೈಂಡರ್. ಕಣ್ಣಿಟ್ಟು ನೋಡುವ ಕಿಟಕಿ. ಅದರ ಪಕ್ಕದಲ್ಲಿ ಸಣ್ಣ ಗುಂಡಿ ಸರಿಸಿದರೆ ನಮ್ಮ ಕಣ್ಣಿಗೆ ತಕ್ಕ ಹಾಗೆ ಸ್ಪಷ್ಟವಾಗುತ್ತದೆ. ಓದುವ ಕನ್ನಡಕ ತೆಗೆದಿಟ್ಟು ನೋಡುತ್ತೇನೆ. ಬಿಸಿಲಿನಲ್ಲಿ ಫೋನಿನ ಪರದೆಗೆ ಸೆರಗು ಮರೆಮಾಡಿಕೊಂಡು ಇಣುಕುವ ಕಷ್ಟವಿಲ್ಲ.

ಸೂರಕ್ಕಿ ಮೂರು ವಾರ ಸತಾಯಿಸಿತು. ಆಟೋದಲ್ಲಿ ಬಿಟ್ಟರೆ ಹೂ ಚೂಪಾಗಿ ಬರುತ್ತದೆ, ಹಕ್ಕಿ ಮಂಜು. ಕೊನೆಗೆ ಡಯಲನ್ನು 'ಎಸ್'ಗೆ ತಿರುಗಿಸಿ ಶಟರ್ ವೇಗ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕೆ ಇಟ್ಟೆ. ಹನ್ನೊಂದು ಫೋಕಸ್ ಚುಕ್ಕೆಗಳಲ್ಲಿ ನಡುವಿನದೊಂದೇ ಸಾಕು ಅಂತ ಆರಿಸಿದೆ. ಉಳಿದವುಗಳಿಗಿಂತ ಅದೇ ನಂಬಿಗಸ್ತ. ಆಮೇಲೆ ಹಕ್ಕಿಯ ಹಿಂದೆ ಓಡುವುದನ್ನು ಬಿಟ್ಟೆ. ಸೂರಕ್ಕಿ ಒಂದೇ ದಾಸವಾಳದ ಗಿಡಕ್ಕೆ ಮತ್ತೆ ಮತ್ತೆ ಬರುತ್ತದೆ. ಆ ಹೂವಿಗೇ ಗುರಿಯಿಟ್ಟು, ಕುರ್ಚಿ ಹಾಕಿಕೊಂಡು, ಅವರೆಕಾಯಿ ಬಿಡಿಸುತ್ತಾ ಕಾದೆ. ಬೆಳಗ್ಗೆ ಎಂಟೂ ಕಾಲಿಗೆ ಬಂತು. ಕೊರಳಿನ ಆ ನೇರಳೆ ಮಿಂಚು ಇದೆಯಲ್ಲ, ಒಂದೊಂದು ಗರಿಯೂ ಎಣಿಸುವ ಹಾಗೆ ಬಿದ್ದಿದೆ. ಮೋಡ ಕವಿದ ದಿನ ಮಾತ್ರ ಈ ಲೆನ್ಸ್ ಏದುಸಿರು ಬಿಡುತ್ತದೆ. 300ರ ತುದಿಯಲ್ಲಿ ಎಫ್ 6.3, ಒಳಗೆ ಬರುವ ಬೆಳಕೇ ಕಮ್ಮಿ.

ಇಲ್ಲದಿರುವುದನ್ನೂ ಹೇಳಬೇಕು. ಟಚ್ ಪರದೆ ಇಲ್ಲ. ಪರದೆ ಹೊರಗೆ ತಿರುಗುವುದಿಲ್ಲ, ನೆಲದ ಮೇಲಿನ ರಂಗೋಲಿ ತೆಗೆಯಬೇಕಾದರೆ ಮಂಡಿಯೂರಲೇಬೇಕು. ವೈಫೈ ಇಲ್ಲ. ಬ್ಲೂಟೂತ್‌ನಲ್ಲಿ ಫೋನಿಗೆ 2 ಮೆಗಾಪಿಕ್ಸೆಲ್‌ನ ಚಿಕ್ಕ ಪ್ರತಿ ಹೋಗುತ್ತದೆ, ವಾಟ್ಸಾಪಿಗೆ ಅಷ್ಟು ಸಾಕು. ದೊಡ್ಡದು ಬೇಕಾದರೆ ಎಸ್‌ಪಿ ರಸ್ತೆಯಲ್ಲಿ ತಂದ ಕಾರ್ಡ್ ರೀಡರ್ ಇದೆ. 4ಕೆ ವಿಡಿಯೋ ಇಲ್ಲ, ಮೈಕ್ ಸಿಕ್ಕಿಸುವ ತೂತೂ ಇಲ್ಲ. ಪರದೆ ನೋಡಿಕೊಂಡು ತೆಗೆಯಲು ಹೋದರೆ ಫೋಕಸ್ ನಿಧಾನ. ಯೂಟ್ಯೂಬ್ ಮಾಡುವ ಆಸೆ ಇರುವವರು ಬೇರೆ ಏನಾದರೂ ನೋಡಿ.

ಫಂಗಸ್‌ಗೆ ನನ್ನ ಉಪಾಯ: ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ಹತ್ತಿ ಬಟ್ಟೆಯ ಗಂಟಿನಲ್ಲಿ ಸಿಲಿಕಾ ಜೆಲ್. ನೀಲಿ ಕಾಳು ತೇವ ಹೀರಿ ಗುಲಾಬಿಯಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ನೀಲಿ. ಆ ಬಾಣಲೆ ಅಡುಗೆಗೆ ಬಳಸಬೇಡಿ. ಅಕ್ಕಿ ಡಬ್ಬದಲ್ಲಿ ಇಡಿ ಅಂತ ಯಾರೋ ಹೇಳಿದರು. ಅಕ್ಕಿ ಹಿಟ್ಟಿನ ಧೂಳು ಲೆನ್ಸಿಗೆ ಹೋಗಲಿ ಅಂತಾನಾ?

ಡ್ಯಾನ್ಸ್ ಬಗ್ಗೆ ಇನ್ನೂ ಹೇಳಿಲ್ಲ. ಉದ್ದ ಲೆನ್ಸ್ ತಗೊಂಡು ಹೋದ ಮೊದಲ ಪ್ರೋಗ್ರಾಂ ಅರ್ಧಂಬರ್ಧ ಬಂತು. ಮುಖ ಇದೆ, ಕೈ ಇಲ್ಲ. ಫ್ಲ್ಯಾಶ್ ಬೇರೆ ತಾನೇ ಎದ್ದು ಮಿಂಚಿತು, ಪಕ್ಕದವರು ತಿರುಗಿ ನೋಡಿದರು. ಆ ಪುಟ್ಟ ಫ್ಲ್ಯಾಶಿನ ಬೆಳಕು ವೇದಿಕೆ ಮುಟ್ಟುವುದೂ ಇಲ್ಲ. ಆಮೇಲೆ ಎಎಫ್-ಎಸ್ 50 ಎಂಎಂ ಎಫ್ 1.8ಜಿ ಲೆನ್ಸ್ ಸೆಕೆಂಡ್ ಹ್ಯಾಂಡ್‌ನಲ್ಲೇ 8,500ಕ್ಕೆ ತಗೊಂಡೆ. ಎಫ್ 5.6ಕ್ಕೂ 1.8ಕ್ಕೂ ಹೆಚ್ಚು ಕಮ್ಮಿ ಹತ್ತು ಪಟ್ಟು ಬೆಳಕಿನ ವ್ಯತ್ಯಾಸ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಚುರುಕು) 1600, ಶಟರ್ ಸೆಕೆಂಡಿನ 1/250. ವೇದಿಕೆಯ ಕೆಂಪು ಲೈಟಿಗೆ ಸೀರೆಯ ನೆರಿಗೆಗಳು ಕರಗಿಹೋಗುತ್ತಿದ್ದವು, ಎಕ್ಸ್‌ಪೋಷರ್, ಅಂದರೆ ಫೋಟೋದ ಬೆಳಕು, ಸ್ವಲ್ಪ ಮೈನಸ್ ಮಾಡಿದೆ, ಜರಿ ಕೂಡ ಎದ್ದು ಬಂತು. ಅರೆಮಂಡಿಯಲ್ಲಿ ಕೂತು ಕಣ್ಣು ಹೊರಳಿಸಿದ ಒಂದು ಫೋಟೋ ಇದೆ. ಕಾಡಿಗೆ ಸ್ವಲ್ಪ ಹರಡಿದ್ದು ಸಹ ಕಾಣುತ್ತದೆ. "ಇದು ನಾನೇ" ಅಂದಳು.

ಈಗ ಯಾರಾದರೂ ಕೇಳಿದರೆ ಒಂದೇ ಹೇಳುತ್ತೇನೆ. ಕ್ಯಾಮೆರಾಗೆ ಕಮ್ಮಿ ದುಡ್ಡು ಹಾಕಿ, ಲೆನ್ಸಿಗೆ ಇಟ್ಟುಕೊಳ್ಳಿ. ನಾನು ಆ 50 ಎಂಎಂ ಮೊದಲೇ ತಗೊಂಡಿದ್ದರೆ ಒಂದು ಪ್ರೋಗ್ರಾಂ ಕೈತಪ್ಪುತ್ತಿರಲಿಲ್ಲ. ಒಟ್ಟು 39,500 ಆಯಿತು, ಕಾರ್ಡು ಗೀರ್ಡು ಬಿಟ್ಟು. ಮಗನಿಗೆ ಹೇಳಿದ್ದು 30,000.

ಆ ಲೆನ್ಸಿನಲ್ಲಿ ಝೂಮ್ ಇಲ್ಲ, ಅದೊಂದೇ ಕಷ್ಟ. ಮೂರನೇ ಸಾಲಿನೊಳಗೆ ಸೀಟು ಸಿಗಲೇಬೇಕು. ಮುಂದಿನ ಪ್ರೋಗ್ರಾಂ ಬರುವ ಭಾನುವಾರ. ಐದೂವರೆಗೆ ಬಾಗಿಲು ತೆಗೆಯುತ್ತಾರಂತೆ. ನಾನು ನಾಲ್ಕೂಮುಕ್ಕಾಲಿಗೆ ಹೋಗಿ ನಿಲ್ಲುತ್ತೇನೆ.